ಆಯಿಲ್ ಕಡ್ಡಿಯಲ್ಲಿ ಏರಿದ ಎಣ್ಣೆ

ಮೊದಲಿಗೆ ಓದುಗರ ಕ್ಷಮೆ ಕೇಳಬೇಕು. ನಾನು ವಾಣಿಜ್ಯಶಾಸ್ತ್ರ ಓದಿದವನು. ಕೊರಟಗೆರೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ಅದನ್ನೇ ಪಾಠ ಮಾಡುವವನು. ಎಂಜಿನ್ನಿನ ಒಳಗಿನ ಸಂಗತಿಗಳನ್ನು ವಿವರಿಸುವಾಗ ನನ್ನಿಂದ ತಪ್ಪುಗಳಾಗಿರಬಹುದು, ಬಿಡಿಭಾಗಗಳ ಹೆಸರುಗಳಲ್ಲಿ ಹೆಚ್ಚುಕಡಿಮೆ ಆಗಿರಬಹುದು. ಬಲ್ಲವರು ತಿದ್ದಿಕೊಂಡು ಓದಬೇಕೆಂದು ವಿನಂತಿ. ನಮ್ಮ ಮನೆಯಲ್ಲಿ ನಡೆದದ್ದನ್ನು ಮಾತ್ರ ನಡೆದಂತೆಯೇ ಬರೆಯಲು ಪ್ರಯತ್ನಿಸಿದ್ದೇನೆ.

ನಮ್ಮದು ಮಧುಗಿರಿ ತಾಲ್ಲೂಕಿನ ಪುರವರದ ಕಡೆಯ ಒಂದು ಹಳ್ಳಿ. ಮನೆಯಲ್ಲಿ ಅಪ್ಪ, ಅಮ್ಮ, ಅಣ್ಣ, ಅತ್ತಿಗೆ ಮತ್ತು ನಾನು. ಅಪ್ಪ ಮತ್ತು ಅಣ್ಣ ಬೇಸಾಯ ಮಾಡುತ್ತಾರೆ. ಅಮ್ಮನಿಗೆ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಆದ ಮೇಲೆ ಮನೆಯೊಳಗೆ ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆಯುವಷ್ಟು ಶಕ್ತಿ ಬಂದಿತ್ತು. ಆದರೆ ವಾಹನದ ಕುಲುಕಾಟವನ್ನು ತಡೆಯುವ ಶಕ್ತಿ ಬರಲಿಲ್ಲ. ಆಸ್ಪತ್ರೆಯಿಂದ ಅವರನ್ನು ಬಾಡಿಗೆ ಕಾರಿನಲ್ಲಿ ಕರೆತಂದ ದಿನ ಪ್ರತಿ ಗುಂಡಿಗೂ ಅವರ ಬಾಯಿಂದ ಬಂದ ಸದ್ದು ನನಗೆ ಇನ್ನೂ ಕೇಳಿಸುತ್ತದೆ. ಅದಾದ ಮೇಲೆ ಬಹಳ ದಿನ ಅವರು ಊರು ಬಿಟ್ಟು ಎಲ್ಲಿಗೂ ಹೋಗಲಿಲ್ಲ.

ಎಲ್ಲಿಗೂ ಎಂದರೆ, ಅವರಿಗೆ ಹೋಗಬೇಕಾಗಿದ್ದ ಸ್ಥಳ ಒಂದೇ. ಪಾವಗಡ ದಾಟಿ ಆಂಧ್ರದ ಗಡಿಯ ಹತ್ತಿರ ಅವರ ತವರು. ಅಲ್ಲಿ ನಮ್ಮ ಅಜ್ಜಿ, ಅಂದರೆ ಅಮ್ಮನ ತಾಯಿ, ಹಾಸಿಗೆ ಹಿಡಿದಿದ್ದರು. ಮಾವ, ಅಮ್ಮನ ತಮ್ಮ, ಅವರನ್ನು ನೋಡಿಕೊಳ್ಳುತ್ತಿದ್ದರು. ಅಜ್ಜಿ ಇಲ್ಲಿಗೆ ಬರುವಂತಿರಲಿಲ್ಲ, ಅಮ್ಮ ಅಲ್ಲಿಗೆ ಹೋಗುವಂತಿರಲಿಲ್ಲ. ಫೋನಿನಲ್ಲಿ ಮಾತನಾಡಿಸಿದರೆ ಅಜ್ಜಿ ಕಿವಿ ಕೇಳದೆ ಫೋನನ್ನೇ ಬೈಯುತ್ತಿದ್ದರು.

ಒಮ್ಮೆ ನಮ್ಮ ಸಂಬಂಧಿಕರಲ್ಲಿ ಗುತ್ತಿಗೆ ಕೆಲಸ ಮಾಡುವ ಒಬ್ಬರು ತಮ್ಮ ದೊಡ್ಡ ಐಷಾರಾಮಿ ಕಾರಿನಲ್ಲಿ ಅಮ್ಮನನ್ನು ತುಮಕೂರಿನ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ ಬಂದರು. ಎತ್ತರದ ಗಾಡಿ, ಅಗಲವಾದ ಗಾಲಿಗಳು, ಗಾಳಿ ತುಂಬಿದ ದಿಂಬಿನ ಮೇಲೆ ಕೂಡಿಸಿದಂತಹ ಸೀಟು. ಹಿಂದಿರುಗಿದ ಅಮ್ಮ ಬಾಗಿಲಲ್ಲಿ ನಿಂತು, "ಇಂಥ ಗಾಡಿ ಆದ್ರೆ ನಾನು ಅವ್ವನ್ನ ನೋಡ್ಕಂಡ್ ಬಂದ್ಬುಡ್ತೀನಿ" ಎಂದರು. ಅದನ್ನು ಅವರು ಕೇಳಿಕೆಯಾಗಿ ಹೇಳಲಿಲ್ಲ. ಆದರೆ ಅಪ್ಪ ಅದನ್ನು ಹಾಗೆಯೇ ತೆಗೆದುಕೊಂಡರು.

ಹೊಸದನ್ನು ಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಹಳೆಯದನ್ನು ಹುಡುಕುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಮನೆಯಲ್ಲಿ ಪದವಿ ಪಡೆದವನು ನಾನೊಬ್ಬನೇ ಆದ್ದರಿಂದ ವೈದ್ಯರ ಚೀಟಿಯಿಂದ ಹಿಡಿದು ಟಿ.ವಿ. ರಿಮೋಟಿನವರೆಗೆ ಎಲ್ಲವೂ ನನ್ನ ಬಳಿಗೇ ಬರುತ್ತದೆ. ನನಗೆ ಕಾರು ಓಡಿಸಲು ಬರುವುದಿಲ್ಲ ಎಂದು ನೆನಪಿಸಿದೆ.

"ಓಡ್ಸಾದು ನಿಮ್ಮಣ್ಣ ನೋಡ್ಕತಾನೆ. ನೀನು ಓದ್ದೋನು, ಎಂಜಿನ್ನು ಹೆಂಗೈತೆ ಅಂತ ನೋಡು" ಎಂದರು ಅಪ್ಪ.

ನಾನು ಓದಿದೆ. ತರಗತಿಯಲ್ಲಿ ಸವಕಳಿಯ ಲೆಕ್ಕ ಹೇಳಿಕೊಡುವಾಗ ಯಂತ್ರವೊಂದರ ಆಯುಷ್ಯವನ್ನು ಮೊದಲೇ ಕೊಟ್ಟಿರುತ್ತಾರೆ. ಇಲ್ಲಿ ಅದನ್ನು ನಾನೇ ಊಹಿಸಬೇಕಾಗಿತ್ತು. ಹಳೆಯ ಡೀಸೆಲ್ ಗಾಡಿಯನ್ನು ನೋಡಲು ಹೋದಾಗ ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟು ಅದು ತಣ್ಣಗಿದೆಯೇ ಎಂದು ನೋಡಬೇಕು. ಬಿಸಿಯಾಗಿದ್ದರೆ ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಏನನ್ನೋ ಮುಚ್ಚಿಡುತ್ತಿರಬಹುದು. ತಣ್ಣನೆಯ ಎಂಜಿನ್ ಸ್ಟಾರ್ಟ್ ಆದಾಗ ಒಳಗಿನ ಸರಪಳಿಯ ಸದ್ದು ಬರಬಾರದು. ಹೊಗೆ ನೀಲಿಯಾಗಿದ್ದರೆ ಎಣ್ಣೆ ಉರಿಯುತ್ತಿದೆ, ಬಿಳಿಯಾಗಿದ್ದರೆ ನೀರು ಸೇರುತ್ತಿದೆ. ಎಣ್ಣೆ ಹಾಕುವ ಮುಚ್ಚಳದ ಒಳಬದಿಯಲ್ಲಿ ಕೆನೆಯಂತಹ ಜಿಡ್ಡು ಇರಬಾರದು. ಇವನ್ನೆಲ್ಲ ಪರೀಕ್ಷೆಗೆ ಓದುವಂತೆ ಓದಿ ಬಾಯಿಪಾಠ ಮಾಡಿಕೊಂಡೆ.

ಶಿರಾದ ಹೆದ್ದಾರಿಯ ಪಕ್ಕದಲ್ಲಿ ಹಳೆಯ ಕಾರುಗಳನ್ನು ಮಾರುವ ಒಬ್ಬ ಹಿರಿಯರಿದ್ದರು. ಅವರ ಬಳಿ ಅಂಥದ್ದೇ ಒಂದು ಗಾಡಿ ಇತ್ತು. ಕಪ್ಪು ಬಣ್ಣ, ಒಬ್ಬರೇ ಮಾಲೀಕರು, ಪ್ರತಿ ಸರ್ವೀಸೂ ಕಂಪನಿಯ ವರ್ಕ್‌ಶಾಪಿನಲ್ಲಿಯೇ ಆಗಿತ್ತು. ನಾನು ಬಾನೆಟ್ ಮುಟ್ಟಿದೆ, ಮುಚ್ಚಳ ಬಿಚ್ಚಿದೆ, ಹೊಗೆಗೊಳವೆಯ ಹಿಂದೆ ಕುಕ್ಕರಗಾಲಿನಲ್ಲಿ ಕೂತೆ.

"ಎಮ್ಮೆ ಬಾಲ ಎತ್ತಿ ನೋಡ್ದಂಗೆ ನೋಡ್ತಾವ್ನೆ ನೋಡಪ್ಪಾ" ಎಂದ ಅಣ್ಣ. ಆ ಹಿರಿಯರೂ ನಕ್ಕರು. ಆದರೆ ಅವರು ನನ್ನನ್ನು ಅವಸರಪಡಿಸಲಿಲ್ಲ. ಎಲ್ಲವೂ ಸರಿಯಾಗಿತ್ತು. ಇಷ್ಟೆಲ್ಲ ಆದ ಮೇಲೆಯೂ ಇದನ್ನು ಸ್ಪಷ್ಟವಾಗಿ ಹೇಳಬೇಕು: ಕೊಂಡ ದಿನ ಆ ಎಂಜಿನ್ನಿನಲ್ಲಿ ಯಾವ ದೋಷವೂ ಇರಲಿಲ್ಲ, ಮಾರಿದವರಲ್ಲಿ ಯಾವ ಮೋಸವೂ ಇರಲಿಲ್ಲ.

ಕೀಲಿ ಕೊಡುವ ಮುನ್ನ ಅವರು ಅಪ್ಪನಿಗೆ ಹೇಳಿದರು. "ದೇಖೋ ಯಜಮಾನ್ರೆ, ಇದು ಹೈವೇ ಗಾಡಿ. ಇದಕ್ಕೆ ಓಡೋ ಶೌಕ್ ಜಾಸ್ತಿ. ಹಫ್ತಾಗೆ, ಅಂದ್ರೆ ವಾರಕ್ಕೆ, ಒಂದು ಸಲ ಆದ್ರೂ ಹೈವೇ ಮೇಲೆ ಜೋರಾಗಿ ಬಿಟ್ಟು ಬನ್ನಿ. ಮನೆ ಮುಂದೆ ಕಟ್ಟಿ ಹಾಕ್ಬೇಡಿ."

"ಆಯ್ತು ಬುಡಿ ಸಾಬ್ರೆ, ಮಗೀನಂಗೆ ನೋಡ್ಕತೀವಿ" ಎಂದರು ಅಪ್ಪ.

ಅಮ್ಮನಿಗೆ ಆಗುತ್ತದೆಯೇ ಇಲ್ಲವೇ ಎಂದು ತಿಳಿಯಲು ಮೊದಲ ದಿನ ಮಧುಗಿರಿಯವರೆಗೆ ಹೋಗಿ ಬಂದೆವು. ಮುಂದಿನ ಸೀಟನ್ನು ಹಿಂದಕ್ಕೆ ಒರಗಿಸಿ ಅಮ್ಮನನ್ನು ಮಲಗಿಸಿದ್ದೆವು. ದಾರಿಯಲ್ಲಿ ಅಮ್ಮನಿಂದ ಯಾವ ಸದ್ದೂ ಇಲ್ಲ. ಹಿಂದೆ ಕೂತ ಅಪ್ಪ ಮತ್ತೆ ಮತ್ತೆ ಮುಂದಕ್ಕೆ ಬಗ್ಗಿ ನೋಡಿದರು.

"ಲೇ, ಉಸ್ರಾಡ್ತಾವ್ಳೇನ್ಲಾ?"

"ನಿದ್ದೆ ಮಾಡ್ತಾವ್ಳೆ ಕಣಪ್ಪಾ" ಎಂದ ಅಣ್ಣ.

ಅಪ್ಪ ಹಿಂದಕ್ಕೆ ಒರಗಿ, ಹೆಗಲ ಮೇಲಿನ ಟವಲಿನಿಂದ ಮುಖವನ್ನೆಲ್ಲ ಒರೆಸಿಕೊಂಡರು. ಊರು ತಲುಪುವವರೆಗೆ ಯಾರೂ ಮಾತನಾಡಲಿಲ್ಲ, ಅಮ್ಮ ಎಚ್ಚರಗೊಂಡಾರೆಂದು.

ಅದೇ ತಿಂಗಳಿನಲ್ಲಿ ಅಮ್ಮನನ್ನು ತವರಿಗೆ ಕರೆದುಕೊಂಡು ಹೋಗಿ ಸಂಜೆಯೊಳಗೆ ಬಂದೆವು. ಅಮ್ಮ ಮತ್ತು ಅಜ್ಜಿ ಹೆಚ್ಚೇನೂ ಮಾತನಾಡಲಿಲ್ಲ. ಅಜ್ಜಿ ಮಗಳ ಕೈಯನ್ನು ಹೊರಡುವವರೆಗೆ ಬಿಡಲಿಲ್ಲ, ಅಷ್ಟೆ. ಬೇಗನೆ ಮತ್ತೆ ಬರುತ್ತೇನೆಂದು ಅಮ್ಮ ಹೇಳಿದರು. ಹಾಗೆ ಹೇಳುವ ಧೈರ್ಯ ಅವರಿಗೆ ಬಂದದ್ದು ಆ ಗಾಡಿಯಿಂದ.

ಆ ಮಾತು ಉಳಿಯಬೇಕಾದರೆ ಗಾಡಿ ಉಳಿಯಬೇಕು. ಇದು ಅಪ್ಪನಿಗೆ ಎಲ್ಲರಿಗಿಂತ ಚೆನ್ನಾಗಿ ಅರ್ಥವಾಗಿತ್ತು. ಅವರು ಜೀವನವಿಡೀ ಡೀಸೆಲ್ ಪಂಪ್‌ಸೆಟ್ಟು ಮತ್ತು ಟ್ರ್ಯಾಕ್ಟರುಗಳನ್ನು ಸಾಕಿದವರು. ಸಾಕಿದವರು ಎಂಬ ಪದವನ್ನು ಯೋಚಿಸಿಯೇ ಬಳಸಿದ್ದೇನೆ. ನಮ್ಮ ಕಡೆ ಟ್ರ್ಯಾಕ್ಟರಿಗೆ ಉಳುಮೆಯಿಲ್ಲದ ದಿನಗಳಲ್ಲಿಯೂ ಬೆಳಿಗ್ಗೆ ಒಮ್ಮೆ ಸ್ಟಾರ್ಟ್ ಮಾಡಿ, ಮುಖಕ್ಕೆ ನೀರು ಚಿಮುಕಿಸಿ, ವಿಭೂತಿ ಹಚ್ಚಿ, ಊದುಬತ್ತಿ ತೋರಿಸುವ ಪದ್ಧತಿ ಇದೆ. ನಿಂತ ಎಂಜಿನ್ನಿಗೆ ಸೋಮಾರಿತನ ಹತ್ತುತ್ತದೆ ಎಂಬುದು ಹಿರಿಯರ ಮಾತು. ಅಪ್ಪ ಅದೇ ಪದ್ಧತಿಯನ್ನು ಈ ಕಾರಿಗೂ ತಂದರು. ಬೆಳಗಿನ ಹಾಲು ಕರೆಯಲು ಕೂರುವಾಗ ಸ್ಟಾರ್ಟ್ ಮಾಡಿದರೆ, ಹಸುಗಳ ಕೆಲಸ ಮುಗಿದು ಹಾಲನ್ನು ಡೈರಿಗೆ ಕಳಿಸುವವರೆಗೆ ಗಾಡಿ ನಿಂತಲ್ಲೇ ಗುರ್ ಎನ್ನುತ್ತಿತ್ತು. ಅಕ್ಕಪಕ್ಕದವರಿಗೆ ಅದು ಏಳುವ ಹೊತ್ತಿನ ಗುರುತಾಯಿತು.

ಹೆದ್ದಾರಿಗೆ ತೆಗೆದುಕೊಂಡು ಹೋಗಿ ಓಡಿಸಬೇಕೆಂದು ಶಿರಾದವರು ಹೇಳಿದ್ದನ್ನು ನಾನು ಜ್ಞಾಪಿಸಿದೆ.

"ಅದು ನಿಮ್ಮಮ್ಮನ ಗಾಡಿ. ಅವ್ಳಿಲ್ದೆ ಸುಮ್ಕೆ ಯಾಕ್ ಸವಸಾದು? ದಿನಾ ಎಂಜಿನ್ ತಿರುಗ್ತಾ ಐತಲ್ಲ, ಸಾಕು ಬುಡು" ಎಂದರು ಅಪ್ಪ. ಈ ತರ್ಕದಲ್ಲಿ ತಪ್ಪೇನಿದೆಯೆಂದು ಆಗ ನನಗೆ ತೋರಲಿಲ್ಲ. ಯಂತ್ರವನ್ನು ಕಡಿಮೆ ಬಳಸಿದರೆ ಹೆಚ್ಚು ಬಾಳುತ್ತದೆ ಎಂಬುದು ನನ್ನ ಪಠ್ಯಪುಸ್ತಕದ ತರ್ಕವೂ ಆಗಿತ್ತು.

ಕೆಲವು ತಿಂಗಳ ನಂತರ ಸ್ಟೀರಿಂಗಿನ ಹಿಂದೆ ಒಂದು ಹಳದಿ ದೀಪ ಹೊತ್ತಿಕೊಂಡಿತು. ಚೌಕದೊಳಗೆ ಚುಕ್ಕೆಗಳು. ಗಾಡಿಯ ಜೊತೆ ಬಂದಿದ್ದ ಇಂಗ್ಲಿಷ್ ಕೈಪಿಡಿಯನ್ನು ನಾನು ಜಗಲಿಯ ಮೇಲೆ ಕೂತು ಓದಿ ಎಲ್ಲರಿಗೂ ಅರ್ಥ ಹೇಳಿದೆ. ಹೊಗೆಯಲ್ಲಿನ ಮಸಿಯನ್ನು ಹಿಡಿದಿಡುವ ಒಂದು ಫಿಲ್ಟರ್ ಇದೆ, ಅದು ತುಂಬಿದೆ. ಗಾಡಿಯನ್ನು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿದರೆ ಎಂಜಿನ್ ತಾನೇ ಆ ಮಸಿಯನ್ನು ಸುಟ್ಟುಕೊಳ್ಳುತ್ತದೆ.

"ನಮ್ಮ ಹಂಡೆ ಒಲೇನೂ ಹಂಗೇಯ. ಮಸಿ ಕಟ್ಕಂಡ್ರೆ ಜೋರಾಗಿ ಉರಿ ಹಾಕ್ಬೇಕು" ಎಂದರು ಅತ್ತಿಗೆ. ನಾನು ಕೊಟ್ಟ ವಿವರಣೆಗಿಂತ ಅದೇ ಚೆನ್ನಾಗಿತ್ತು.

ಭಾನುವಾರ ಶಿರಾದ ಹೆದ್ದಾರಿಗೆ ಹೋದೆವು. ಅಣ್ಣ ಟ್ರ್ಯಾಕ್ಟರ್ ಓಡಿಸಿ ಬೆಳೆದವನು; ವೇಗ ಏರಿದಂತೆ ಅವನ ಭುಜಗಳು ಬಿಗಿಯಾಗುತ್ತಿದ್ದವು. ಹಿಂದಿನಿಂದ ಅಪ್ಪ, "ಮೆತ್ತಗೆ ಹೋಗ್ಲಾ, ಯಾರ್ ಮನೆ ಬೆಂಕಿ ಆರ್ಸಾಕ್ ಹೋಗ್ತಿದೀಯಾ?" ಎನ್ನುತ್ತಿದ್ದರು. ಕೈಪಿಡಿಯ ಪ್ರಕಾರ ವೇಗ ಬೇಕೆಂದು ನಾನು ಹೇಳಿದೆ. ಕೊನೆಗೂ ಅಣ್ಣ ಗಟ್ಟಿ ಮನಸ್ಸು ಮಾಡಿ ಕಾಲು ಒತ್ತಿದ. ಸ್ವಲ್ಪ ದೂರ ಹೋಗುವುದರಲ್ಲಿ ಎಂಜಿನ್ನಿನ ಸದ್ದು ಬದಲಾಯಿತು. ಒಳಗಿನ ಫ್ಯಾನ್ ಬಿರುಗಾಳಿಯಂತೆ ಬೀಸತೊಡಗಿತು. ಕಾದ ಕಬ್ಬಿಣದ ವಾಸನೆ ಗಾಡಿಯೊಳಗೆ ಬಂತು.

"ನಿಲ್ಸು. ನಿಲ್ಸ್ಲಾ. ಕುದೀತಾ ಐತೆ" ಎಂದರು ಅಪ್ಪ.

ಅಣ್ಣ ನಿಲ್ಲಿಸಿ, ಎಂಜಿನ್ ಆರಿಸಿ, ಬಾನೆಟ್ ಎತ್ತಿದ. ಕಾದ ಟ್ರ್ಯಾಕ್ಟರಿಗೆ ಯಾರಾದರೂ ಮಾಡುವುದು ಅದನ್ನೇ. ರಸ್ತೆಬದಿಯಲ್ಲಿ ಕಡಲೆಕಾಯಿ ಹುರಿಯುತ್ತಿದ್ದ ಹೆಂಗಸು ಬಂದು ಬಗ್ಗಿ ನೋಡಿ, "ಈಟು ದೊಡ್ ಗಾಡಿಗೂ ಜ್ವರ ಬತ್ತದಾ?" ಎಂದಳು. ಅಪ್ಪ ಅವಳಿಂದ ಕಡಲೆಕಾಯಿ ಕೊಂಡರು. ತಿಂದು ಮುಗಿಯುವವರೆಗೆ ಎಂಜಿನ್ ತಣಿಯಲಿ ಎಂದು ಕಾದೆವು. ನಾವು ಜ್ವರವೆಂದು ತಿಳಿದದ್ದು ಆ ಮಸಿ ಸುಡುವ ಕೆಲಸವೇ ಆಗಿತ್ತು. ಅರ್ಧದಲ್ಲಿ ಅದನ್ನು ನಿಲ್ಲಿಸಿದ್ದೆವು. ಇದು ನನಗೆ ತಿಳಿದದ್ದು ಬಹಳ ತಡವಾಗಿ. ಮರುದಿನ ಬೆಳಿಗ್ಗೆ ದೀಪ ಆರಿತ್ತು. ಅಪ್ಪನ ಉಪಚಾರ ಫಲಿಸಿತೆಂದು ಎಲ್ಲರಂತೆ ನಾನೂ ನಂಬಿದೆ. ಆ ದೀಪ ಮತ್ತೆ ಹೊತ್ತಿದಾಗಲೆಲ್ಲ ಅಣ್ಣ ಅದೇ ಉಪಚಾರವನ್ನು ಮಾಡಿದ.

ಅದಾದ ಮೇಲೆ ಎಣ್ಣೆ ಏರತೊಡಗಿತು.

ಅಪ್ಪ ವಾರಕ್ಕೊಮ್ಮೆ ಎಂಜಿನ್ ಎಣ್ಣೆಯ ಮಟ್ಟ ತೋರಿಸುವ ಆಯಿಲ್ ಕಡ್ಡಿಯನ್ನು ಎಳೆದು, ಬಿಳಿ ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನೋಡುತ್ತಿದ್ದರು. ನಮ್ಮ ಹಳೆಯ ಟ್ರ್ಯಾಕ್ಟರ್ ಎಣ್ಣೆ ಕುಡಿಯುವುದರಲ್ಲಿ ಹೆಸರುವಾಸಿ. ಅದರ ಕಡ್ಡಿಯಲ್ಲಿ ಎಣ್ಣೆ ಇಳಿದಂತೆಲ್ಲ ಅಪ್ಪನ ಮುಖವೂ ಇಳಿಯುತ್ತಿತ್ತು. ಎಣ್ಣೆ ಇಳಿದರೆ ಎಂಜಿನ್ನಿಗೆ ಮುಪ್ಪು, ನಿಂತರೆ ಆರೋಗ್ಯ. ಅದು ನಮ್ಮ ಊರಿನಲ್ಲಿ ಮಕ್ಕಳಿಗೂ ಗೊತ್ತು. ಈ ಗಾಡಿಯಲ್ಲಿ ಎಣ್ಣೆ ಮೇಲಿನ ಗೆರೆಯನ್ನು ಮುಟ್ಟಿ, ಅದನ್ನೂ ದಾಟಿ ನಿಂತಿತ್ತು.

"ನೋಡ್ ಬಾ ಇಲ್ಲಿ. ಹಾಕ್ದೆ ಇದ್ರೂ ತುಂಬ್ತಾ ಐತೆ" ಎಂದು ಅಪ್ಪ ನನ್ನನ್ನು ಕರೆದು ತೋರಿಸಿದರು. ಅವರ ಧ್ವನಿಯಲ್ಲಿ ಸಂತೋಷವಿತ್ತು. ಪಕ್ಕದ ಮನೆಯ ಹಿರಿಯರೊಬ್ಬರು ಬಂದು ಕಡ್ಡಿಯನ್ನು ಕಣ್ಣಿನ ಹತ್ತಿರ ಹಿಡಿದು, "ಅಕ್ಷಯ ಪಾತ್ರೆ ಕಣಯ್ಯಾ ಇದು. ನಿನ್ ಹೆಂಡ್ತಿ ಋಣ ದೊಡ್ದು" ಎಂದರು. ಹಾಲು ಉಕ್ಕಿದರೆ ಮನೆಗೆ ಒಳ್ಳೆಯದು ಎನ್ನುವವರು ನಾವು. ಎಣ್ಣೆ ಉಕ್ಕಿದರೆ ಕೆಟ್ಟದ್ದೆಂದು ಯಾರಿಗೆ ತಾನೇ ಹೊಳೆದೀತು?

ಒಳಗಿನಿಂದ ಅಮ್ಮ, "ಹಂಗಾದ್ರೆ ಒಂದ್ ಬಟ್ಲು ಹಿಡ್ಕಂಡ್ ಬಾ, ಒಗ್ಗರಣೆಗಾಯ್ತದೆ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಕಡ್ಡಿಯನ್ನು ಮೂಸಿದಾಗ ಅದರಲ್ಲಿ ಡೀಸೆಲ್ ವಾಸನೆ ಇತ್ತು.

ಮರುದಿನ ಕಾಲೇಜಿನ ಸಿಬ್ಬಂದಿ ಕೊಠಡಿಯಿಂದ ಬೆಂಗಳೂರಿನ ಒಂದು ವರ್ಕ್‌ಶಾಪಿಗೆ ಫೋನು ಮಾಡಿದೆ. ಹೇಳಬೇಕಾದ ವಾಕ್ಯಗಳನ್ನು ಮೊದಲು ಮನಸ್ಸಿನಲ್ಲಿ ಜೋಡಿಸಿಕೊಂಡು ಇಂಗ್ಲಿಷಿನಲ್ಲಿಯೇ ಹೇಳಿದೆ. ಆ ಕಡೆಯವರು ಕನ್ನಡದಲ್ಲಿ ಉತ್ತರಿಸಿದರು. "ಎಣ್ಣೆಗೆ ಡೀಸೆಲ್ ಇಳೀತಿದೆ ಸಾರ್. ಹಾಗೇ ಓಡಿಸ್ಬೇಡಿ. ಆಯಿಲ್ ಬದಲಾಯಿಸಿ, ನಿಧಾನವಾಗಿ ಇಲ್ಲಿಗೆ ತನ್ನಿ." ಆ ಗಾಡಿಗೆ ಬೇಕಾದ ಎಣ್ಣೆಯ ಹೆಸರನ್ನೂ ಹೇಳಿದರು. ಅದನ್ನು ನಾನು ಕೊರಟಗೆರೆಯಲ್ಲಿ ಕೇಳಿದೆ, ಮಧುಗಿರಿಯಲ್ಲಿ ಕೇಳಿದೆ, ಅಣ್ಣನನ್ನು ಶಿರಾಕ್ಕೆ ಕಳಿಸಿ ಕೇಳಿಸಿದೆ. ಎಲ್ಲಿಯೂ ಇರಲಿಲ್ಲ. ಮಧುಗಿರಿಯ ಅಂಗಡಿಯವರು ಬೆಂಗಳೂರಿನಿಂದ ತರಿಸಿಕೊಡಲು ಒಪ್ಪಿದರು.

ಅದು ಬರುವ ಮೊದಲೇ ಮಾವನ ಫೋನು ಬಂತು. ಅಜ್ಜಿ ಊಟ ಬಿಟ್ಟಿದ್ದಾರೆ. ನೀರನ್ನೂ ಬಲವಂತದಿಂದ ಕುಡಿಸಬೇಕು. ಮಗಳ ಹೆಸರನ್ನು ಮಾತ್ರ ಕರೆಯುತ್ತಿದ್ದಾರೆ.

ವರ್ಕ್‌ಶಾಪಿನವರು ಹೇಳಿದ್ದನ್ನು ನಾನು ಎಲ್ಲರ ಮುಂದೆ ಹೇಳಿದೆ. ಬೇರೆ ಯಾವ ಗಾಡಿಯಲ್ಲಿ ಹೋಗುವುದೆಂದು ಯೋಚಿಸಿದೆವು. ನಮ್ಮ ಸಂಬಂಧಿಕರು ತಮ್ಮ ದೊಡ್ಡ ಕಾರಿನಲ್ಲಿ ಧರ್ಮಸ್ಥಳಕ್ಕೆ ಹೋಗಿದ್ದರು. ಊರಿನಲ್ಲಿದ್ದ ಉಳಿದ ಗಾಡಿಗಳಲ್ಲಿ ಅಮ್ಮ ಊರ ಬಾಗಿಲನ್ನೂ ದಾಟಲಾರರು.

"ಎಣ್ಣೆ ಬರೋಗಂಟ ಅವ್ವ ಕಾಯಾಕಿಲ್ಲ" ಎಂದರು ಅಮ್ಮ.

ಬೆಳಗಾಗುತ್ತಲೇ ಹೊರಟೆವು. ಅಣ್ಣ ಗಾಡಿ ಓಡಿಸಿದ, ಅಪ್ಪ ಮತ್ತು ನಾನು ಹಿಂದೆ ಕೂತೆವು. ಮಧುಗಿರಿ ದಾಟಿದೆವು, ಮಿಡಿಗೇಶಿಯ ಬೆಟ್ಟ ದಾಟಿದೆವು. ಎಂಜಿನ್ ಎಂದಿನಂತೆಯೇ ಇದೆಯೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಪಾವಗಡ ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ಒಳಗಿನಿಂದ ಟಕಟಕ ಎಂಬ ಸದ್ದು ಶುರುವಾಯಿತು, ಯಾರೋ ಬಾಗಿಲು ತಟ್ಟುವ ಹಾಗೆ. ಕೆಂಪು ದೀಪ ಹೊತ್ತಿತು. ಅಣ್ಣ ಗಾಡಿಯನ್ನು ರಸ್ತೆಯಂಚಿನ ಹೊಂಗೆಮರದ ನೆರಳಿಗೆ ತರುವಷ್ಟರಲ್ಲಿ ಸದ್ದು ಜೋರಾಗಿ, ಒಮ್ಮೆ ಅದುರಿ, ಎಂಜಿನ್ ನಿಂತುಹೋಯಿತು. ಮತ್ತೆ ಸ್ಟಾರ್ಟ್ ಮಾಡಲು ನೋಡಿದ. ಟಕ್ ಎಂಬ ಒಂದು ಸದ್ದು ಬಂತು, ಅಷ್ಟೆ.

ಅಪ್ಪ ಇಳಿದು ಬಾನೆಟ್ ಎತ್ತಿ ನಿಂತರು. ಅವರ ಕೈಯಲ್ಲಿ ನೀರಿನ ಬಾಟಲಿ ಇತ್ತು. ಎಲ್ಲಿ ಸುರಿಯಬೇಕೆಂದು ಅವರಿಗೆ ತಿಳಿಯಲಿಲ್ಲ. ಕೈಪಿಡಿಯನ್ನು ಹಿಡಿದುಕೊಂಡು ನಾನು ಪಕ್ಕದಲ್ಲಿ ನಿಂತೆ. ಅದರಲ್ಲಿ ಬರೆದದ್ದು, ಅಧಿಕೃತ ಕೇಂದ್ರವನ್ನು ಸಂಪರ್ಕಿಸಿ ಎಂಬುದು ಮಾತ್ರ. ಒಳಗೆ ಎ.ಸಿ. ನಿಂತು ಅಮ್ಮನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಬಸ್ಸೊಂದು ನಿಧಾನಿಸಿತು, ಕಂಡಕ್ಟರ್ ಕೈಬೀಸಿ ಕರೆದರು. ನಾವು ಬೇಡವೆಂದು ತಲೆಯಾಡಿಸಿದೆವು. ಪಾವಗಡದ ಕಡೆಗೆ ಹೋಗುತ್ತಿದ್ದ ಆ ಬಸ್ಸಿನಲ್ಲಿ ಸೀಟುಗಳು ಖಾಲಿಯಿದ್ದವು. ಅದನ್ನು ನೋಡುತ್ತ ನಿಂತಾಗಿನಷ್ಟು ನಿಸ್ಸಹಾಯಕತೆಯನ್ನು ನಾನು ಬೇರೆಂದೂ ಅನುಭವಿಸಿಲ್ಲ.

ಅಣ್ಣ ಮಾವನಿಗೆ ಫೋನು ಮಾಡಿದ. ಮಾವ ಟ್ರ್ಯಾಕ್ಟರ್ ತರುವುದಾಗಿ ಹೇಳಿದರು. ಗಾಡಿಯನ್ನು ನಮ್ಮ ಊರಿಗೆ ಎಳೆದುಕೊಂಡು ಹೋಗುವುದೋ, ಪಾವಗಡದಲ್ಲಿ ಬಿಡುವುದೋ ಎಂದು ಅಪ್ಪ ಮತ್ತು ಅಣ್ಣ ಚರ್ಚಿಸುತ್ತಿದ್ದಾಗ ಅಮ್ಮ ಒರಗಿದಲ್ಲಿಂದಲೇ ಮಾತನಾಡಿದರು.

"ಹಿಂದಕ್ಕೋದ್ರೂ ಎಳ್ಕಂಡೇ ಹೋಗ್ಬೇಕು, ಮುಂದಕ್ಕೋದ್ರೂ ಎಳ್ಕಂಡೇ ಹೋಗ್ಬೇಕು. ಎಳೆಯಾದಾದ್ರೆ ನಮ್ಮವ್ವನ ಕಡೀಕೇ ಎಳೀರಿ. ಎಂಜಿನ್ ಹೋದ್ರೆ ಹೋಗ್ಲಿ, ಸೀಟು ಹಂಗೇ ಐತಲ್ಲ."

ಆಗ ನಾನು ಹೇಳಬೇಕಾದದ್ದನ್ನು ಹೇಳಿದೆ. ಈ ಬಗೆಯ ಆಟೊಮ್ಯಾಟಿಕ್ ಗಾಡಿಯನ್ನು ಗಾಲಿಗಳು ನೆಲದ ಮೇಲಿರುವಂತೆ ಎಳೆಯಬಾರದು. ಗೇರ್‌ಬಾಕ್ಸ್ ಕೂಡ ಹಾಳಾಗುತ್ತದೆ. ಹಾಗೆಂದು ಕೈಪಿಡಿಯಲ್ಲಿ ಬರೆದಿದೆ.

ಅಣ್ಣ ನನ್ನನ್ನೇ ನೋಡಿದ. "ಹಂಗಂತ ಬರ್ದವ್ರಾ? ಸರಿ. ಅಮ್ಮನ್ನ ಏನ್ ಮಾಡ್ಬೇಕು ಅಂತ ಬರ್ದವ್ರೇನ್ಲಾ ಅದ್ರಾಗೆ?"

ನಾನು ಕೈಪಿಡಿಯನ್ನು ಮುಚ್ಚಿ ಸೀಟಿನ ಮೇಲಿಟ್ಟೆ.

ಮಾವ ಬಂದರು. ಟ್ರ್ಯಾಕ್ಟರಿನಿಂದ ಇಳಿಯುತ್ತಲೇ ಗಾಡಿಯನ್ನು ಮುಂದಿನಿಂದ ಹಿಂದಿನವರೆಗೆ ನೋಡಿ, "ಏಂ ಬಾವ, ಇಂಥ ರಾಜನಂಥ ಗಾಡಿ ಇಟ್ಕೊಂಡು ನಮ್ ಬಡವ್ರ ಟ್ರ್ಯಾಕ್ಟರೇ ಬೇಕಾಯ್ತಾ?" ಎಂದರು. ಅಪ್ಪನಿಗೆ ನಗಲು ಆಗಲಿಲ್ಲ. ಮಾವ ಕೂಡಲೇ ಅವರ ಹೆಗಲು ಹಿಡಿದು, "ಏಮೀ ಕಾದು ಬಾವ, ಏನೂ ಆಗಲ್ಲ. ಅಕ್ಕನ್ನ ಮೆಲ್ಲಗೆ ಕರ್ಕೊಂಡ್ ಹೋಗೋಣ" ಎಂದರು.

ಹಗ್ಗದಲ್ಲಿ ಎಳೆದರೆ ಜಗ್ಗಾಟವಾಗುತ್ತದೆಂದು ಮಾವ ಒಂದು ಕಬ್ಬಿಣದ ಸರಳನ್ನು ತಂದಿದ್ದರು. ಅದನ್ನು ಎರಡೂ ಗಾಡಿಗಳ ನಡುವೆ ಕಟ್ಟಿದರು. ಎಂಜಿನ್ ಇಲ್ಲದ ಗಾಡಿಯಲ್ಲಿ ಸ್ಟೀರಿಂಗ್ ಕಲ್ಲಿನಂತೆ ಗಟ್ಟಿಯಾಗಿತ್ತು. ಬ್ರೇಕ್ ಹಿಡಿಯಲು ಅಣ್ಣ ಎರಡೂ ಕಾಲುಗಳನ್ನು ಬಳಸಬೇಕಾಯಿತು. ಹೊರಟಾಗ ಮೊದಲ ಎಳೆತಕ್ಕೆ ಅಮ್ಮ ತುಟಿ ಕಚ್ಚಿಕೊಂಡರು. ಆಮೇಲೆ ಟ್ರ್ಯಾಕ್ಟರ್ ಒಂದೇ ಹದದಲ್ಲಿ ಸಾಗಿತು. ಅಪ್ಪ ಹಿಂದಿನಿಂದ ಕೈ ಚಾಚಿ ಅಮ್ಮನ ಭುಜಗಳನ್ನು ಅದುಮಿ ಹಿಡಿದಿದ್ದರು.

ಪಾವಗಡ ದಾಟಿದ ಮೇಲೆ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬರು ಕೋಲು ಊರಿ ನಿಂತು, "ಏನಣ್ಣೋ, ಆನೇನ ಎತ್ತು ಎಳೀತೈತಲ್ಲೋ" ಎಂದು ಕೂಗಿದರು. ಮಾವ ಟ್ರ್ಯಾಕ್ಟರ್ ಮೇಲಿಂದಲೇ ತೆಲುಗಿನಲ್ಲಿ ಏನೋ ಉತ್ತರ ಕೊಟ್ಟರು. ಆ ಮನುಷ್ಯ ಗಾಡಿಯೊಳಗೆ ಮಲಗಿದ್ದ ಅಮ್ಮನನ್ನು ಕಂಡು, ನಗು ನಿಲ್ಲಿಸಿ, ತಲೆಯ ಮೇಲಿನ ಬಟ್ಟೆ ತೆಗೆದು, ಕುರಿಗಳನ್ನು ಅವಸರದಿಂದ ರಸ್ತೆಯ ಬದಿಗೆ ಸರಿಸಿದರು.

ತವರುಮನೆಯ ಮುಂದೆ ಅಮ್ಮನನ್ನು ಜಮಖಾನದ ಸಮೇತ ಎತ್ತಿ ಒಳಗೆ ತಂದು, ಅಜ್ಜಿಯ ಮಂಚಕ್ಕೆ ತಾಗಿಸಿ ಹಾಕಿದ್ದ ಇನ್ನೊಂದು ಮಂಚದ ಮೇಲೆ ಮಲಗಿಸಿದೆವು. ಅಜ್ಜಿ ಕಣ್ಣು ತೆರೆದು ಬಹಳ ಹೊತ್ತು ನೋಡಿದರು.

"ಇಷ್ಟೊತ್ತೇನೇ ಬರೋದು?" ಎಂದರು.

"ಗಾಡಿ ಕೈಕೊಡ್ತು ಕಣವ್ವ" ಎಂದು ಅಮ್ಮ ಅವರ ಕಿವಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದರು.

"ನಿಂಗೆ ಚಿಕ್ಕಂದಿಂದ್ಲೂ ಏನೋ ಒಂದು ನೆಪ" ಎಂದರು ಅಜ್ಜಿ. ಆ ದಿನ ಅವರು ಅಮ್ಮನ ಕೈಯಿಂದ ಸ್ವಲ್ಪ ಗಂಜಿ ಕುಡಿದರು.

ಆ ವಾರದ ಕೊನೆಯಲ್ಲಿ ಬೆಂಗಳೂರಿನ ವರ್ಕ್‌ಶಾಪಿನ ಒಬ್ಬ ಎಂಜಿನಿಯರ್ ನಾವು ಕೇಳಿಕೊಂಡಂತೆ ಮಾವನ ಮನೆಗೇ ಬಂದು ಗಾಡಿಯನ್ನು ನೋಡಿದರು. ಎಣ್ಣೆ ಇಳಿಸಿದಾಗ ಅದು ನೀರಿನಂತೆ ಸುರಿಯಿತು. ಅವರು ಅಪ್ಪನ ಕಡೆ ತಿರುಗಿ, "ದಿನಾ ಸ್ಟಾರ್ಟ್ ಮಾಡಿ ನಿಂತಲ್ಲೇ ಬಿಡ್ತಿದ್ರಾ ಯಜಮಾನ್ರೆ?" ಎಂದು ಮೃದುವಾಗಿ ಕೇಳಿದರು.

"ಒಂದಿನಾನೂ ತಪ್ಪಿಸ್ಲಿಲ್ಲ" ಎಂದರು ಅಪ್ಪ.

ಎಂಜಿನಿಯರ್ ವಿವರಿಸಿದರು. ನಿಂತಲ್ಲೇ ಓಡುವ ಎಂಜಿನ್ ಸಾಕಷ್ಟು ಕಾಯುವುದಿಲ್ಲ, ಮಸಿಯನ್ನು ಮಾತ್ರ ಹೆಚ್ಚಿಸುತ್ತದೆ. ಮಸಿ ತುಂಬಿದಾಗ ಅದನ್ನು ಸುಡಲು ಎಂಜಿನ್ ತಾನೇ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಸುಡುವ ಕೆಲಸ ಪೂರ್ಣವಾಗದೆ ನಿಂತಾಗಲೆಲ್ಲ ಆ ಡೀಸೆಲ್ ಸ್ವಲ್ಪ ಸ್ವಲ್ಪವಾಗಿ ಎಣ್ಣೆಗೆ ಇಳಿಯುತ್ತದೆ. ಎಣ್ಣೆ ಏರಿದಂತೆ ಕಾಣುತ್ತದೆ, ಆದರೆ ತೆಳ್ಳಗಾಗಿರುತ್ತದೆ. ತೆಳ್ಳಗಾದ ಎಣ್ಣೆ ಲೋಹಗಳನ್ನು ಕಾಯಲಾರದೆ ಬೇರಿಂಗುಗಳು ತಿಂದುಹೋಗಿವೆ. ಹೊಸ ಎಂಜಿನ್ ಹಾಕುವುದಕ್ಕಿಂತ ಗಾಡಿಯನ್ನು ಬಿಡುವುದೇ ಮೇಲು ಎಂದು ಅವರು ಹೇಳಿದರು. ಇಷ್ಟನ್ನು ಹೇಳಲು ಅವರಿಗೂ ಕಷ್ಟವಾಗುತ್ತಿತ್ತು.

"ಹಂಗಾದ್ರೆ ಬೆಳಿಗ್ಗೆ ಸ್ಟಾರ್ಟೇ ಮಾಡ್ಬಾರ್ದಿತ್ತಾ?" ಎಂದು ಕೇಳಿದರು ಅಪ್ಪ.

ಅಪ್ಪ ದನದ ಕೊಟ್ಟಿಗೆಯ ಕಡೆಗೆ ಹೋಗಿ, ಮಾವನ ಎಮ್ಮೆಗೆ ಆಗಲೇ ಹಾಕಿದ್ದ ಹುಲ್ಲನ್ನು ಮತ್ತೆ ಎಳೆದು ಎಳೆದು ಹಾಕುತ್ತ ನಿಂತರು.

ಇಷ್ಟಾದ ಮೇಲೆ ಅಮ್ಮನನ್ನು ನಮ್ಮ ಊರಿಗೆ ವಾಪಸು ಕರೆತರುವ ಪ್ರಶ್ನೆ ಉಳಿಯಿತು. ಎಳೆದು ತಂದ ದಿನದ ನಂತರ ಅವರ ನೋವು ಹೆಚ್ಚಾಗಿತ್ತು. ಒಮ್ಮೆ ಆಂಬ್ಯುಲೆನ್ಸ್ ತರಿಸಿದೆವು. ಊರಿನ ಹೊರಗಿನ ಮೋರಿಯವರೆಗೆ ಹೋಗಿ, ಅಮ್ಮನ ಮುಖ ನೋಡಲಾಗದೆ ತಿರುಗಿಸಿಕೊಂಡು ಬಂದೆವು. ನಮ್ಮ ಸಂಬಂಧಿಕರು ತಮ್ಮ ಕಾರನ್ನು ಕಳಿಸಲು ಒಪ್ಪಿದರು. ಅದು ಬರುವ ದಿನ ಅಮ್ಮ, "ಅವ್ವ ಇರೋಗಂಟ ಇಲ್ಲೇ ಇದ್ಬುಡ್ತೀನಿ" ಎಂದರು. ಅಜ್ಜಿ ಯುಗಾದಿಯನ್ನು ಕಂಡು, ಬೇಸಿಗೆಯಲ್ಲಿ ತೀರಿಕೊಂಡರು. ಕೊನೆಯವರೆಗೂ ಮಗಳು ಪಕ್ಕದ ಮಂಚದಲ್ಲಿದ್ದರು. ಆ ವೇಳೆಗೆ ಅಮ್ಮನ ಬೆನ್ನು ಇನ್ನಷ್ಟು ಬಿಗಿದು, ಯಾವ ಗಾಡಿಯಲ್ಲಿಯೂ ಪ್ರಯಾಣ ಬೇಡವೆಂದು ವೈದ್ಯರು ಹೇಳಿದ್ದರು.

ಅದರಿಂದ ನಮ್ಮ ಕುಟುಂಬದಲ್ಲಿ ಆದ ಬದಲಾವಣೆಗಳನ್ನು ನೇರವಾಗಿ ಹೇಳಿ ಮುಗಿಸುತ್ತೇನೆ. ಕಾರು ಬಿಡಿಭಾಗಗಳ ಲೆಕ್ಕದಲ್ಲಿ ಮಾರಾಟವಾಯಿತು. ಅಮ್ಮ ಈಗ ತವರಿನಲ್ಲಿಯೇ ಇದ್ದಾರೆ. ಹೆಂಡತಿಯ ಮನೆಯಲ್ಲಿ ಒಂದು ರಾತ್ರಿಗಿಂತ ಹೆಚ್ಚು ಉಳಿದರೆ ಗಂಡಸಿಗೆ ಮರ್ಯಾದೆಯಲ್ಲ ಎನ್ನುತ್ತಿದ್ದ ಅಪ್ಪನೂ ಅಲ್ಲಿಯೇ ನೆಲೆಸಿ, ಮಾವನ ಹೊಲದಲ್ಲಿ ಅವರ ಜೊತೆ ದುಡಿಯುತ್ತಾರೆ. ನಮ್ಮ ಊರಿನ ಮನೆ ಮತ್ತು ಜಮೀನನ್ನು ಅಣ್ಣ ಮತ್ತು ಅತ್ತಿಗೆ ನೋಡಿಕೊಳ್ಳುತ್ತಿದ್ದಾರೆ. ನಾನು ಶನಿವಾರ ತರಗತಿ ಮುಗಿಸಿ, ಕೊರಟಗೆರೆಯಿಂದ ಮಧುಗಿರಿಗೆ ಬಂದು, ಅಲ್ಲಿ ಪಾವಗಡದ ಬಸ್ಸು ಹಿಡಿಯುತ್ತೇನೆ. ನಾವು ಒಂದೇ ಮನೆಯವರು ಎರಡು ತಾಲ್ಲೂಕುಗಳಲ್ಲಿ ಎರಡು ಒಲೆ ಹೂಡಿ ಬದುಕುತ್ತಿದ್ದೇವೆ.